ಗವಿಯೊಳಗೆ ಗೀಚಿದ ಹೆಸರು

ಎಕ್ಸೆಟರ್, ಇಂಗ್ಲೆಂಡ್
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನವರಿಗೆ ಮತ್ತು ಅವ್ವನಿಗೆ ನಿಮ್ಮ ಮಗಳ ನಮಸ್ಕಾರಗಳು.

ಇತ್ತ ನಾನು ಕ್ಷೇಮ. ನಿಮ್ಮ ಕ್ಷೇಮ ಸಮಾಚಾರವನ್ನು ನಿನ್ನೆಯೇ ಫೋನಿನಲ್ಲಿ ಕೇಳಿಯಾಗಿದೆ. ಅವ್ವನ ಮೊಣಕಾಲು, ಕಾಲುವೆಯ ನೀರು, ತಮ್ಮನ ಬೈಕಿನ ಕಂತು ಎಲ್ಲವೂ ಬಂದುಹೋದವು. ಕೊನೆಗೆ ನಾನು ಗವಿ ನೋಡಿ ಬಂದೆ ಎಂದಾಗ, ಅಪ್ಪ, ನೀವು "ದುಡ್ಡು ಕೊಟ್ಟು ಗವಿ ಹೊಕ್ಕು ಬಂದೆಯಾ?" ಎಂದು ನಕ್ಕಿರಿ. ಅಷ್ಟರಲ್ಲಿ ಲೈನು ಕಡಿಯಿತು. ನಗೆಗೆ ಉತ್ತರ ಕೊಡದೆ ನಿದ್ದೆ ಬರುವುದಿಲ್ಲ. ನಾಳೆ ರಜೆಯೂ ಇದೆ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಟಿಕೆಟ್ಟಿನ ಬೆಲೆ ಮಾತ್ರ ಬರೆಯುವುದಿಲ್ಲ. ಬರೆದರೆ ಅವ್ವ ಅದನ್ನು ರೂಪಾಯಿಗೆ ಗುಣಿಸಿ, ಅಷ್ಟರಲ್ಲಿ ಎಷ್ಟು ಕಿಲೋ ಶೇಂಗಾ ಎಣ್ಣೆ ಬರುತ್ತಿತ್ತು ಎಂದು ಓಣಿಗೆಲ್ಲ ಹೇಳುತ್ತಾಳೆ.

ಊರಿನ ಹೆಸರು ಟಾರ್ಕಿ, ಗವಿಯ ಹೆಸರು ಕೆಂಟ್ಸ್ ಕ್ಯಾವರ್ನ್. ನಮ್ಮ ಆಸ್ಪತ್ರೆಯ ವಾರ್ಡಿನಲ್ಲೇ ಕೆಲಸ ಮಾಡುವ ಕೇರಳದ ಹುಡುಗಿಯೊಬ್ಬಳು ಜೊತೆಗಿದ್ದಳು. ಎಕ್ಸೆಟರಿನಿಂದ ರೈಲು ಡಾಲಿಶ್ ಎಂಬಲ್ಲಿ ಸಮುದ್ರದ ಅಂಚಿಗೇ ಹೋಗುತ್ತದೆ. ಒಂದು ಕಿಟಕಿಯಲ್ಲಿ ನೀರು, ಇನ್ನೊಂದರಲ್ಲಿ ಕೆಂಪು ಬಂಡೆಯ ಗೋಡೆ. ಅವಳಿಗೆ ಸಮುದ್ರ ಹೊಸದಲ್ಲ, ಮಲಗಿಬಿಟ್ಟಳು. ಗಂಗಾವತಿ ಕಡೆಯವಳಾದ ನಾನು ಕಿಟಕಿ ಬಿಟ್ಟು ಏಳಲಿಲ್ಲ.

ನಮ್ಮ ಜಿಲ್ಲೆಯವರಿಗೆ ಗವಿ ಎಂದರೆ ಗವಿಸಿದ್ಧೇಶ್ವರ. ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಹೋಗುವ ಜಾಗ. ಇಲ್ಲಿ ಬೂಟು ಬಿಗಿಮಾಡಿಕೊಂಡು ಹೋಗಬೇಕು. ತಲೆ ಮಾತ್ರ ಇಲ್ಲಿಯೂ ಬಗ್ಗಬೇಕು, ನಾವು ಬಗ್ಗಿಸದಿದ್ದರೆ ಬಂಡೆಯೇ ಬಗ್ಗಿಸುತ್ತದೆ. ನನ್ನ ಹಣೆಯ ಮೇಲೆ ಅದರ ಗುರುತಿದೆ. ಒಳಗೆ ವರ್ಷವಿಡೀ 14 ಡಿಗ್ರಿ ಅಂತೆ. ಹೊರಗೆ ಕೊರೆಯುವ ಗಾಳಿ ಇದ್ದುದರಿಂದ ಒಳಗೆ ಹೋದಾಗ ಯಾರೋ ಕಂಬಳಿ ಹೊದಿಸಿದಂತಾಯಿತು. ನಮ್ಮ ಮೇ ತಿಂಗಳಿಗೆ ಇಂಥದ್ದೊಂದು ಇದ್ದಿದ್ದರೆ ಊರಿಗೆ ಊರೇ ಹಾಸಿಗೆ ಸುತ್ತಿಕೊಂಡು ಅಲ್ಲಿಗೆ ಹೋಗುತ್ತಿತ್ತು.

ಇದು ನಮ್ಮ ಗುಡ್ಡದ ಗ್ರಾನೈಟ್ ಅಲ್ಲ, ಸುಣ್ಣದ ಕಲ್ಲು. ಮಳೆಯ ನೀರು ಬಿರುಕಿನಲ್ಲಿ ಇಳಿದು, ಸುಣ್ಣವನ್ನು ಕರಗಿಸಿಕೊಂಡು, ಒಳಗೆ ತೊಟ್ಟಿಕ್ಕುವಾಗ ಅದನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಅವ್ವಾ, ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ನೀನು ಹುಣಸೆಹಣ್ಣು ಹಾಕಿ ತಿಕ್ಕುತ್ತೀಯಲ್ಲ, ಅದೇ. ಇಲ್ಲಿ ಸಾವಿರಾರು ವರ್ಷ ಯಾರೂ ತಿಕ್ಕಲಿಲ್ಲ, ಅಷ್ಟೇ ವ್ಯತ್ಯಾಸ. ಚಾವಣಿಯಿಂದ ಕಲ್ಲಿನ ಜಡೆಗಳು ಇಳಿದಿವೆ, ನೆಲದಿಂದ ಮೊಂಡು ಕಂಬಗಳು ಎದ್ದಿವೆ, ನೆಲದ ಮೇಲೂ ಅದೇ ಸುಣ್ಣ ಹರಿದು ಗಾರೆ ಹಾಕಿದಂತೆ ಗಟ್ಟಿಯಾಗಿದೆ. ಈ ಗಾರೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮನ್ನು ಕರೆದುಕೊಂಡು ಹೋದವರು ಅರವತ್ತು ದಾಟಿದ ಹೆಂಗಸು. ಕೈಯಲ್ಲಿ ಟಾರ್ಚು, ಮಾತಿನಲ್ಲಿ ಶಾಲೆಯ ಟೀಚರಮ್ಮನ ಗತ್ತು. ಮೊದಲು ತೋರಿಸಿದ್ದು ಕರಡಿಯ ಎಲುಬು. ಅಪ್ಪ, ನಮ್ಮ ಗುಡ್ಡದ ಕರಡಿ ಗೆದ್ದಲಿಗೂ ಕಾರೆ ಹಣ್ಣಿಗೂ ವರ್ಷವೆಲ್ಲ ಅಲೆಯುತ್ತದೆ. ಇಲ್ಲಿದ್ದ ಗವಿಕರಡಿ ಚಳಿಗಾಲ ಪೂರ್ತಿ ಒಳಗೆ ಮಲಗುತ್ತಿತ್ತು. ಮೈಯಲ್ಲಿ ಕೊಬ್ಬು ಸಾಲದ ಕರಡಿ ಮಲಗಿದಲ್ಲೇ ಸಾಯುತ್ತಿತ್ತು. ಅದಕ್ಕೇ ಅಷ್ಟೊಂದು ಎಲುಬು. ಆಮೇಲಿನ ಕಾಲದಲ್ಲಿ ಇದು ಕತ್ತೆಕಿರುಬಗಳ ಬಿಡಾರ. ಉಣ್ಣೆಯ ಮೈಯ ಘೇಂಡಾಮೃಗ, ಮ್ಯಾಮತ್ ಎಂಬ ಮಹಾಗಜಗಳ ಎಲುಬನ್ನು ಅವು ಇಲ್ಲಿಗೆ ಎಳೆತಂದು ಕಡಿದಿವೆ. ಹಲ್ಲಿನ ಗುರುತಿದ್ದ ಒಂದು ಮೂಳೆಯನ್ನು ನೋಡಿದಾಗ, ಹಟ್ಟಿಯಿಂದ ಮೇಕೆ ಹೋದ ಮರುದಿನ ನೀವು ಹಳ್ಳದ ದಂಡೆಯಿಂದ ಎತ್ತಿಕೊಂಡು ಬಂದ ತೊಡೆಮೂಳೆ ಕಣ್ಣಿಗೆ ಬಂತು.

ಅರ್ಧ ದಾರಿಯಲ್ಲಿ ಆಕೆ ದೀಪಗಳನ್ನೆಲ್ಲ ಆರಿಸಿದರು. ನಮ್ಮೂರಿನಲ್ಲಿ ಕರೆಂಟು ಹೋದಾಗ ಆಗುವುದು ಕತ್ತಲೆಯೇ ಅಲ್ಲ, ಚುಕ್ಕಿ ಇರುತ್ತದೆ, ದೂರದ ಲಾರಿಯ ಬೆಳಕಿರುತ್ತದೆ. ಇಲ್ಲಿ ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಮೂಗಿನ ಮುಂದೆ ಕೈ ಆಡಿಸಿದೆ, ಕಾಣಲಿಲ್ಲ. ಎಲ್ಲೋ ಒಂದು ಹನಿ ಬೀಳುತ್ತಿತ್ತು, ಲೆಕ್ಕಕ್ಕೆ ಸಿಗದ ತಾಳದಲ್ಲಿ. ಇನ್ನೊಂದು ಹನಿ ನೇರ ನನ್ನ ಕತ್ತಿನ ಹಿಂದೆ ಬಿದ್ದು ಬೆನ್ನಿಗೆ ಇಳಿಯಿತು. ಯಾರದೋ ಮಗು ಅತ್ತಿತು, ಕೇರಳದವಳು ನನ್ನ ತೋಳನ್ನು ಉಗುರು ಊರುವಷ್ಟು ಹಿಡಿದಳು. ಆಮೇಲೆ ಒಂದೇ ಒಂದು ಪುಟ್ಟ ದೀಪ ಹೊತ್ತಿತು. ಅಷ್ಟರಲ್ಲೇ ಹತ್ತಾರು ಮುಖಗಳೂ ಗೋಡೆಯ ಉಬ್ಬುತಗ್ಗುಗಳೂ ಎದ್ದುಬಂದವು.

ಈ ಗವಿಯಲ್ಲಿ ಸಿಕ್ಕ ಮನುಷ್ಯನ ಮೇಲ್ದವಡೆಯ ಚೂರೊಂದಿದೆ. ಮೂರೇ ಹಲ್ಲು. 1927ರಲ್ಲಿ ಅಗೆದು ತೆಗೆದದ್ದು. ಅದಕ್ಕೆ 41 ಸಾವಿರದಿಂದ 44 ಸಾವಿರ ವರ್ಷ ಎಂದು 2011ರಲ್ಲಿ ಲೆಕ್ಕ ಹಾಕಿದರು. ಆ ಲೆಕ್ಕದ ಮೇಲೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಕೆಳಗಿನ ಪದರದಲ್ಲಿ ಸಿಕ್ಕ ಕಲ್ಲಿನ ಕೈಗೊಡಲಿಗಳಂತೂ ಸುಮಾರು ಐದು ಲಕ್ಷ ವರ್ಷದವು. ಅವುಗಳನ್ನು ಕೆತ್ತಿದವರು ನಮ್ಮ ಜಾತಿಯ ಮನುಷ್ಯರೇ ಅಲ್ಲ. ನಾನು ಜಾತಿ ಎಂದದ್ದು ಜೀವಿಗಳ ಲೆಕ್ಕದಲ್ಲಿ. ಅಜ್ಜಿಗೆ ಓದಿ ಹೇಳುವಾಗ ಇಲ್ಲಿ ಜೋಪಾನ.

ಈಗ ಗಾರೆಯ ವಿಷಯ. 1825ರಲ್ಲಿ ಮೆಕೆನರಿ ಎಂಬ ಕ್ಯಾಥೊಲಿಕ್ ಪಾದ್ರಿ ಇಲ್ಲಿ ಅಗೆಯಲು ಶುರುಮಾಡಿದರು. ಒಡೆಯದ ಸುಣ್ಣದ ನೆಲದ ಕೆಳಗೆ, ಅಳಿದುಹೋದ ಪ್ರಾಣಿಗಳ ಎಲುಬಿನ ಜೊತೆ, ಮನುಷ್ಯ ಕೆತ್ತಿದ ಚಕಮಕಿ ಕಲ್ಲುಗಳು ಸಿಕ್ಕವು. ಲೋಕ ಹುಟ್ಟಿ ಆರು ಸಾವಿರ ವರ್ಷ ಎಂದು ನಂಬಿದ್ದ ಕಾಲ ಅದು. ಆಕ್ಸ್‌ಫರ್ಡಿನ ದೊಡ್ಡ ಪಂಡಿತ ಬಕ್‌ಲ್ಯಾಂಡ್, ಆಮೇಲಿನವರು ಒಲೆ ಹೂಡಲು ನೆಲ ಅಗೆದಾಗ ಕಲ್ಲು ಕೆಳಗೆ ಸೇರಿರಬೇಕು ಎಂದುಬಿಟ್ಟರು. ಪಾದ್ರಿ ತಾವು ಬರೆದಿಟ್ಟದ್ದು ಅಚ್ಚಾಗುವುದನ್ನು ನೋಡದೆ 1841ರಲ್ಲಿ ತೀರಿಕೊಂಡರು.

ಆಮೇಲೆ ಬಂದವರು ವಿಲಿಯಂ ಪೆಂಗೆಲಿ. ಹನ್ನೆರಡನೆಯ ವಯಸ್ಸಿಗೇ ಅಪ್ಪನ ಹಡಗಿನಲ್ಲಿ ದುಡಿಯಲು ಹೋಗಿ, ತಾನೇ ಓದಿಕೊಂಡು ಮೇಷ್ಟ್ರಾದ ಮನುಷ್ಯ. 1865ರಿಂದ 1880ರವರೆಗೆ ಹದಿನೈದು ವರ್ಷ ಇದೊಂದೇ ಗವಿಯನ್ನು ಅಗೆಸಿದರು. ಅಗೆದದ್ದು ಹೇಗೆ ಎನ್ನುವುದು ನನಗೆ ಬಹಳ ಹಿಡಿಸಿತು. ಒಂದು ಗಜ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳ, ಅಷ್ಟಷ್ಟೇ ಮಣ್ಣು ತೆಗೆಯುವುದು. ಅದರಲ್ಲಿ ಸಿಕ್ಕದ್ದೆಲ್ಲ ಯಾವ ಸಾಲು, ಎಷ್ಟನೆಯ ಆಳ ಎಂದು ಬರೆದಿಡುವುದು. ಅದೂ ಮೇಣದಬತ್ತಿಯ ಬೆಳಕಿನಲ್ಲಿ. ವಾರ್ಡಿನಲ್ಲಿ ಜ್ವರದ ಚೀಟಿ ತುಂಬಲು ಗೊಣಗುವ ನಾನು ಅಲ್ಲಿ ಸ್ವಲ್ಪ ತಲೆ ತಗ್ಗಿಸಿದೆ.

ಅಪ್ಪ, ನಿಮಗಾಗಿ ತೆಗೆದಿಟ್ಟ ಸಂಗತಿ ಇನ್ನು ಮುಂದಿದೆ. ಒಂದು ತಿರುವಿನಲ್ಲಿ ಆಕೆ ಟಾರ್ಚನ್ನು ಸುಣ್ಣದ ದಿಮ್ಮಿಯೊಂದರ ಮೇಲೆ ಓರೆಯಾಗಿ ಹಿಡಿದರು. ಗೀಚಿದ ಅಕ್ಷರಗಳು. ರಾಬರ್ಟ್ ಹೆಜಸ್, ಐರ್ಲೆಂಡಿನವನು, 1688ರ ಫೆಬ್ರವರಿ 20. ಗವಿ ನೋಡಲು ಬಂದ ಯಾರೋ ಪುಣ್ಯಾತ್ಮ ಹೆಸರು ಕೆತ್ತಿ ಹೋಗಿದ್ದಾನೆ. ಇದಕ್ಕಿಂತ ಹಳೆಯದು ಇನ್ನೊಂದಿದೆ, ವಿಲಿಯಂ ಪೀಟರ್, 1571. ಹೆಜಸ್‌ನ ಅಕ್ಷರಗಳ ಮೇಲೆ ಹನಿ ಬಿದ್ದು ಬಿದ್ದು ತೆಳ್ಳನೆಯ ಸುಣ್ಣದ ಪೊರೆ ಕೂತಿದೆ, ಆರಿದ ಹಾಲಿನ ಮೇಲಿನ ಕೆನೆಯ ಹಾಗೆ. ಕೆಳಗಿನ ಅಕ್ಷರ ಕಾಣುತ್ತದೆ, ಆದರೆ ಬೆರಳಿಗೆ ಅಂಚು ಸಿಗಲಾರದು ಅನ್ನಿಸುತ್ತದೆ. ಮುಟ್ಟಲು ಬಿಡಲಿಲ್ಲ ಅನ್ನಿ.

ಪೆಂಗೆಲಿ ಮೇಷ್ಟ್ರು ಈ ಪೊರೆಯನ್ನು ಅಳೆದರು. ಸುಮಾರು ನೂರೆಂಬತ್ತು ವರ್ಷದಲ್ಲಿ ಅಂಗುಲದ ಇಪ್ಪತ್ತನೆಯ ಒಂದು ಪಾಲು. ಹಾಗಾದರೆ ಅಡಿಗಟ್ಟಲೆ ದಪ್ಪದ ನೆಲ ಕಟ್ಟಲು ಎಷ್ಟು ಕಾಲ ಬೇಕಾಗಿರಬೇಕು? ನಾನು ರೈಲಿನಲ್ಲಿ ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದೆ. ಒಂದೇ ಅಡಿಗೆ 43 ಸಾವಿರ ವರ್ಷ. ಹನಿ ಎಲ್ಲ ಕಡೆ, ಎಲ್ಲ ಕಾಲಕ್ಕೂ ಒಂದೇ ಸಮ ಬೀಳುವುದಿಲ್ಲ, ಆದ್ದರಿಂದ ಈ ಲೆಕ್ಕವನ್ನು ಈಗ ಯಾರೂ ಹಾಗೆಯೇ ಒಪ್ಪುವುದಿಲ್ಲ. ಆದರೂ ಆರು ಸಾವಿರ ಎಂದು ಕೂತಿದ್ದವರ ಬಾಯಿ ಮುಚ್ಚಿಸಲು ಒಬ್ಬ ಪೋಕರಿಯ ಗೀಚು ಕೆಲಸಕ್ಕೆ ಬಂತು ನೋಡಿ.

ನಿಮಗೆ ನೆನಪಾಗಿರುತ್ತದೆ. ನನಗೆ ಹತ್ತು ವರ್ಷ, ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಮೇಲೆ, ದುಂಡು ಕಿಂಡಿ ಇರುವ ಆ ದೊಡ್ಡ ಕಲ್ಲುಮನೆಯ ಚಪ್ಪಡಿಗೆ ಮೊಳೆಯಿಂದ ನನ್ನ ಹೆಸರಿನ ಎರಡು ಅಕ್ಷರ ಕೊರೆದಿದ್ದೆ. ಮೂರನೆಯದಕ್ಕೆ ನೀವು ಬಂದಿರಿ. ಹೊಡೆಯಲಿಲ್ಲ. "ಇದು ಯಾರದೋ ಮನೆಯ ಗೋಡೆ, ನಿಮ್ಮಪ್ಪನದಲ್ಲ" ಎಂದಿರಿ, ಆಮೇಲೆ ಮೂರು ದಿನ ಮಾತು ಬಿಟ್ಟಿರಿ. ಹೆಜಸ್‌ನ ಅಪ್ಪ ಮಾತು ಬಿಟ್ಟಿದ್ದರೋ ಇಲ್ಲವೋ, ಅವರ ಮಗನ ಗೀಚನ್ನು ಈಗ ಟಿಕೆಟ್ ಮಾರಿ ತೋರಿಸುತ್ತಿದ್ದಾರೆ. ಇದನ್ನು ವಾದ ಎಂದು ತಿಳಿಯಬೇಡಿ. ಇವತ್ತು ಯಾರಾದರೂ ಇಲ್ಲಿ ಮೊಳೆ ತೆಗೆದರೆ ಆ ಟೀಚರಮ್ಮ ಏನು ಮಾಡುತ್ತಿದ್ದರೋ, ನಿಮ್ಮ ಮೂರು ದಿನದ ಮೌನ ಅದರ ಮುಂದೆ ಬೆಣ್ಣೆ.

ಹೊರಗೆ ಬಂದು ಚಹಾ ಕುಡಿಯುವಾಗ ಆಕೆಯೇ ಬಂದು ಯಾವ ಊರು ಎಂದು ಕೇಳಿದರು. ಗುಡ್ಡದ ಫೋಟೊ ತೋರಿಸಿದೆ. ನಾನೂರರಷ್ಟು ಕಲ್ಲಿನ ಗೋರಿಗಳಿವೆ, ಎರಡು ಸಾವಿರ ವರ್ಷಕ್ಕೂ ಹಳೆಯವು, ಮೊಳದುದ್ದದ ಮೋರ್ಯರು ಕಟ್ಟಿದ ಮನೆಗಳು ಎಂದು ನಮ್ಮಜ್ಜಿ ಹೇಳುತ್ತಾಳೆ ಎಂದೆ. ಬಂಡೆಯ ಮೇಲಿನ ಕೆಂಪು ಚಿತ್ರ, ಬಡಿದರೆ ನಗಾರಿಯ ಹಾಗೆ ನುಡಿಯುವ ಗುಂಡು, 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. "ಬಂದವರಿಗೆ ಯಾರು ತೋರಿಸುತ್ತಾರೆ?" ಎಂದರು. "ನಮ್ಮಪ್ಪ" ಎಂದೆ. "ಎಷ್ಟು ತೆಗೆದುಕೊಳ್ಳುತ್ತಾರೆ?" ಎಂದರು. ನೀವು ಹೊಲದ ಕೆಲಸ ಬಿಟ್ಟು, ಬುತ್ತಿ ಕಟ್ಟಿಸಿಕೊಂಡು, ಬೆಂಗಳೂರಿನವರನ್ನು ಗುಡ್ಡ ಹತ್ತಿಸಿ, ಕೊನೆಗೆ ಅವರಿಗೇ ಮನೆಯಲ್ಲಿ ಚಹಾ ಕುಡಿಸಿ ಕಳಿಸುವುದನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟೆ, ಬರಲಿಲ್ಲ. ಆಕೆ ತಮ್ಮ ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ಎತ್ತಿ, "ಅವರಿಗೂ ಇಂಥದ್ದು ಇದೆಯೇ?" ಎಂದು ಕೇಳಿದರು.

ಇನ್ನೊಂದು ಮಾತು ತಮ್ಮನಿಗೆ ಹೇಳಿ, ಸ್ಪರ್ಧಾ ಪರೀಕ್ಷೆಗೆ ಬೇಕಾದೀತು. ಟಾರ್ಕಿಯ ಕೊಲ್ಲಿಯಾಚೆ ಬ್ರಿಕ್ಸಮ್ ಎಂಬ ಊರಿದೆ. ಅಲ್ಲಿನ ಗವಿಯನ್ನು 1858ರಲ್ಲಿ ಅಗೆಸಿದವರೂ ಇದೇ ಪೆಂಗೆಲಿ. ಅಳಿದ ಪ್ರಾಣಿಗಳ ಎಲುಬಿನ ಜೊತೆ ಮನುಷ್ಯ ಕೆತ್ತಿದ ಕಲ್ಲು ಸಿಕ್ಕ ಸುದ್ದಿಗಳು ಫ್ರಾನ್ಸಿನಿಂದಲೂ ಇಂಗ್ಲೆಂಡಿನಿಂದಲೂ ಹರಡಿದ ಮೇಲೆ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮ್ಮ ದೇಶದಲ್ಲೂ ಕಣ್ಣು ನೆಲಕ್ಕೆ ನೆಟ್ಟು ನಡೆದರು. 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಕಲ್ಲಿನ ಕೊಡಲಿ ಸಿಕ್ಕಿತು. ಅದೇ ಫೂಟ್ ಆಮೇಲೆ ಬಳ್ಳಾರಿಯ ಕಡೆ ಅಲೆದು, ರಕ್ಕಸರ ಬೂದಿ ಎಂದು ಜನ ಹೇಳುತ್ತಿದ್ದ ಬೂದಿದಿಬ್ಬಗಳು ದನದ ಸಗಣಿ ಸುಟ್ಟದ್ದು ಎಂದು ಗುರುತಿಸಿದ್ದು. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವಾಗ ಕುಡತಿನಿಯಲ್ಲಿ ಬಸ್ಸಿನಿಂದ ನೀವು ತೋರಿಸಿದ್ದಿರಲ್ಲ, ಅದೇ.

ಮುಂದಿನ ಸಲ ಗುಡ್ಡಕ್ಕೆ ಹೋದಾಗ ನನ್ನ ಎರಡು ಅಕ್ಷರ ಇನ್ನೂ ಇವೆಯೇ ನೋಡಿ, ತಮ್ಮನಿಂದ ಫೋಟೊ ತೆಗೆಸಿ ಕಳಿಸಿ. ನಮ್ಮ ಕಲ್ಲಿಗೆ ಕೆನೆ ಕಟ್ಟುವುದಿಲ್ಲ, ಇದ್ದರೆ ಹಾಗೇ ಇರುತ್ತವೆ. ಜೊತೆಗೆ ನಿಮ್ಮದೂ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೊ ಬೇಕು. ಕೊರಳಿಗೆ ಹಾಕುವ ಚೀಟಿಯೊಂದನ್ನು ಇಲ್ಲಿ ಮಾಡಿಸುತ್ತೇನೆ. ಕನ್ನಡದಲ್ಲೇ ಬರೆಸುತ್ತೇನೆ, ಬೇಡ ಎನ್ನಬೇಡಿ.

ಅವ್ವಾ, ಹೋದ ಸಲದ ಶೇಂಗಾ ಚಟ್ನಿ ಪುಡಿಯನ್ನು ಕೇರಳದವಳೇ ಅರ್ಧ ತಿಂದಳು. ಈ ಸಲ ಎರಡು ಡಬ್ಬಿ ಕಳಿಸು, ಒಂದರಲ್ಲಿ ಖಾರ ಕಡಿಮೆ ಇರಲಿ.

ನಿಮ್ಮ ಮಗಳು