ಸೋಲ್ ಪ್ರವಾಸದ ನೃತ್ಯ ತರಗತಿ: ಒಂದು ಬದಲಾವಣೆ

ಆತ್ಮೀಯ ಗ್ರಾಹಕರೇ,

ನಮ್ಮ ದಕ್ಷಿಣ ಕೊರಿಯಾ ಪ್ರವಾಸದಲ್ಲಿ ಸೋಲ್ ತಲುಪಿದ ದಿನದ ಸಂಜೆಯೇ ಒಂದು ಗಂಟೆಯ ಕೆ-ಪಾಪ್ (ಕೊರಿಯಾದ ಪಾಪ್ ಹಾಡುಗಳ) ನೃತ್ಯ ತರಗತಿ ಇರುತ್ತಿತ್ತು. ಅಕ್ಟೋಬರ್ ತಂಡದಿಂದ ಅದು ಇರುವುದಿಲ್ಲ. ಬದಲಿಗೆ ಮೂರನೆಯ ಮತ್ತು ಐದನೆಯ ದಿನ ತಲಾ ಒಂದೂವರೆ ಗಂಟೆಯ ಎರಡು ತರಗತಿಗಳನ್ನು ಇಟ್ಟಿದ್ದೇವೆ. ಕೊನೆಯಲ್ಲಿ ವೇಷ ತೊಡಿಸಿ ವಿಡಿಯೊ ತೆಗೆಯುತ್ತಿದ್ದುದನ್ನು ನಿಲ್ಲಿಸಿದ್ದೇವೆ.

ಕಳೆದ ತಂಡದಲ್ಲಿ ಕಣ್ಣಾರೆ ಕಂಡದ್ದೇ ಇದಕ್ಕೆ ಕಾರಣ. ಹೊಂಗ್‌ದೇ ಬಡಾವಣೆಯಲ್ಲಿ, ಮೆಟ್ಟಿಲಿಳಿದು ಹೋಗುವ ನೆಲಮಾಳಿಗೆಯ ಹಾಲ್ ಅದು. ಹಾಸನದ ಹುಡುಗಿಯೊಬ್ಬಳು ಎರಡು ತಿಂಗಳು ಮೊಬೈಲ್ ನೋಡಿ ಹೆಜ್ಜೆ ಕಲಿತು ಬಂದಿದ್ದಳು. ಪರದೆಯ ಮೇಲೆ ಕುಣಿಯುವವರು ನಮಗೆ ಎದುರಾಗಿರುತ್ತಾರೆ, ಅವರ ಬಲಗೈ ನಮ್ಮ ಎಡಕ್ಕೆ ಕಾಣುತ್ತದೆ. ಅವಳು ಕಂಡಂತೆಯೇ ಕಲಿತಿದ್ದಳು. ಶಿಕ್ಷಕಿ ನಮಗೆ ಬೆನ್ನು ಮಾಡಿ, ಗೋಡೆಯುದ್ದದ ಕನ್ನಡಿಯ ಕಡೆ ಮುಖ ಮಾಡಿ ಶುರು ಮಾಡಿದಾಗ ಸಾಲಿಗೆ ಸಾಲೇ ಬಲಕ್ಕೆ ಸರಿಯಿತು, ಇವಳೊಬ್ಬಳು ಎಡಕ್ಕೆ. ಪಕ್ಕದವರ ಭುಜಕ್ಕೆ ಭುಜ ತಾಗಿ ನಿಂತುಬಿಟ್ಟಳು. ಶಿಕ್ಷಕಿ ಹಾಡು ನಿಲ್ಲಿಸಿ, ಅವಳ ಪಕ್ಕದಲ್ಲೇ ನಿಂತು, ಒಂದರಿಂದ ಎಂಟರವರೆಗೆ ಎಣಿಸುತ್ತಾ ಒಂದೊಂದೇ ಹೆಜ್ಜೆ ಬಿಡಿಸಿ ತೋರಿಸಿದರು. ನಾಲ್ಕನೆಯ ಸಲಕ್ಕೆ ಪಾದ ಸರಿಯಾದ ಕಡೆ ಬಿತ್ತು. ಅಷ್ಟರಲ್ಲಿ ಚಿತ್ರೀಕರಣದ ಹೊತ್ತಾಯಿತು, ಅವಳು ಹಿಂದಿನ ಸಾಲಿಗೆ ಹೋದಳು. ಮೆಟ್ಟಿಲು ಹತ್ತುವಾಗ, "ಇನ್ನರ್ಧ ಗಂಟೆ ಸಿಕ್ಕಿದ್ದರೆ ಬಂದುಬಿಡುತ್ತಿತ್ತು" ಎಂದಳು. ಆ ಅರ್ಧ ಗಂಟೆಯನ್ನು ವೇಷಕ್ಕೂ ಕ್ಯಾಮೆರಾಕ್ಕೂ ಕೊಟ್ಟದ್ದು ನಮ್ಮ ತಪ್ಪು.

ಸಮಯವನ್ನೂ ಬದಲಿಸಿದ್ದೇವೆ. ಕೊರಿಯಾದ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿನ ಬೆಳಿಗ್ಗೆ 10 ಗಂಟೆ ಎಂದರೆ ನಮ್ಮ ಮೈಗೆ ಇನ್ನೂ ಆರೂವರೆ. ಹಾಗಾಗಿ ಬೆಳಿಗ್ಗೆ ಇಡದೆ, ಎರಡೂ ತರಗತಿಗಳು ಮಧ್ಯಾಹ್ನ 4 ಗಂಟೆಗೆ.

ಮೊದಲ ತರಗತಿಯಲ್ಲಿ ಪಲ್ಲವಿಯ ಹೆಜ್ಜೆಗಳು ಮಾತ್ರ. ಎಂಟರ ಲೆಕ್ಕ ಆದಿತಾಳ ಹಾಕಿ ಬೆಳೆದವರಿಗೆ ಹೊಸದಲ್ಲ. ಆದರೆ ಭರತನಾಟ್ಯದ ಅರಮಂಡಿಯಲ್ಲಿ ಪಳಗಿದ ಮೈಗೆ ಸೊಂಟ ನಿಲ್ಲಿಸಿ ಎದೆಯನ್ನಷ್ಟೇ ಸರಿಸುವುದು ಕಷ್ಟ, ಅದಕ್ಕೆ ಸಾವಧಾನ ಬೇಕು. ಎರಡನೆಯ ತರಗತಿಯಲ್ಲಿ ಜಾಗ ಬದಲಿಸುವುದನ್ನು ಕಲಿಸುತ್ತಾರೆ: ಯಾರು ನಡುವಿಗೆ ಬರಬೇಕು, ಯಾರು ಯಾರ ಹಿಂದಿನಿಂದ ಸರಿಯಬೇಕು. ಕೆ-ಪಾಪ್‌ನ ಸೊಗಸು ಇರುವುದು ಇಲ್ಲೇ ಎಂದು ನಾನು ನಂಬಿದ್ದೇನೆ, ಒಬ್ಬರೇ ಕೋಣೆಯಲ್ಲಿ ಕಲಿಯಲಾಗದ್ದೂ ಇದೇ.

ಸೊಂಗ್ಸು ಬಡಾವಣೆಯ ಒನ್ ಮಿಲಿಯನ್ ಸ್ಟುಡಿಯೊಗೆ ಏಕೆ ಕರೆದೊಯ್ಯುವುದಿಲ್ಲ ಎಂದು ಕೆಲವರು ಕೇಳಿದ್ದೀರಿ. ಆ ಸ್ಟುಡಿಯೊ ಹೆಸರು ಮಾಡಿರುವುದು ಅಲ್ಲಿನ ಶಿಕ್ಷಕರು ತಾವೇ ಕಟ್ಟಿದ ನೃತ್ಯಗಳಿಂದ. ನೀವು ನಮ್ಮಲ್ಲಿ ಕೇಳುವುದು ಕೆ-ಪಾಪ್ ತಂಡಗಳು ವೇದಿಕೆಯಲ್ಲಿ ಹಾಕುವ ಅದೇ ಹೆಜ್ಜೆಗಳನ್ನು. ಬಿಡುವಿನ ದಿನ ಅಲ್ಲಿಗೆ ಹೋಗಬಯಸುವವರಿಗೆ ಕಾಯ್ದಿರಿಸಲು ನೆರವಾಗುತ್ತೇವೆ.

ಕುಣಿಯಲು ಮನಸ್ಸಿಲ್ಲದ ಅಪ್ಪ-ಅಮ್ಮಂದಿರು ಗೋಡೆಗೊರಗಿ ಕಾಯಬೇಕಾಗಿಲ್ಲ. ಹೊಂಗ್‌ದೇಯಲ್ಲೇ, ಹೊಂಗಿಕ್ ವಿಶ್ವವಿದ್ಯಾಲಯ ನಿಲ್ದಾಣದ ಪಕ್ಕದಲ್ಲೇ, ಹಳೆಯ ರೈಲು ಹಳಿ ಹಾದುಹೋಗಿದ್ದ ಜಾಗದಲ್ಲಿ ಉದ್ದನೆಯ ಉದ್ಯಾನವಿದೆ. ನಮ್ಮವರೊಬ್ಬರು ಅಲ್ಲಿಗೆ ಜೊತೆಯಲ್ಲಿ ಬರುತ್ತಾರೆ.

ಎರಡು ತರಗತಿಗಳಿಂದ ಪ್ರವಾಸದ ಶುಲ್ಕ ಒಬ್ಬರಿಗೆ 3,500 ರೂಪಾಯಿ ಹೆಚ್ಚುತ್ತದೆ. ಈಗಾಗಲೇ ಮುಂಗಡ ಕೊಟ್ಟವರಿಂದ ಈ ಹೆಚ್ಚುವರಿ ಹಣ ಪಡೆಯುವುದಿಲ್ಲ. ಬದಲಾವಣೆ ಒಪ್ಪಿಗೆಯಾಗದವರು ಸೆಪ್ಟೆಂಬರ್ 10ರೊಳಗೆ ತಿಳಿಸಿದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸುತ್ತೇವೆ.

ಹೊರಡುವ ಒಂದು ತಿಂಗಳು ಮುಂಚೆ ಹಾಡು ಯಾವುದೆಂದು ಹೇಳಿ, ಎಡ-ಬಲ ತಿರುಗಿಸಿದ ಅಭ್ಯಾಸದ ವಿಡಿಯೊ ಕಳುಹಿಸುತ್ತೇವೆ. ಅದನ್ನೇ ನೋಡಿ ಕಲಿಯಿರಿ. ಬೀದಿಯಲ್ಲಿ ಮೆಟ್ಟದ ಒಂದು ಜೊತೆ ಶೂಗಳನ್ನು ಪ್ರತ್ಯೇಕವಾಗಿ ಕಟ್ಟಿಕೊಳ್ಳಿ, ಹೊರಗಿನ ಶೂಗಳನ್ನು ಹಾಲ್‌ನೊಳಗೆ ಬಿಡುವುದಿಲ್ಲ. ಸಸ್ಯಾಹಾರಿಗಳು ತರಗತಿಯ ದಿನದ ಮಧ್ಯಾಹ್ನಕ್ಕೆ ಅವಲಕ್ಕಿಯನ್ನೋ ಚಪಾತಿಯನ್ನೋ ಇಟ್ಟುಕೊಂಡಿರಿ. ಅಲ್ಲಿನ ಕಿಮ್ಚಿಗೆ (ಹುಳಿ ಬರಿಸಿದ ಖಾರದ ತರಕಾರಿಗೆ) ಸಾಮಾನ್ಯವಾಗಿ ಮೀನಿನ ಅಥವಾ ಸೀಗಡಿಯ ರಸ ಬಿದ್ದಿರುತ್ತದೆ, ಬರೀ ಅನ್ನ ತಿಂದು ಒಂದೂವರೆ ಗಂಟೆ ಕುಣಿಯಲಾಗದು.

ತರಗತಿ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿ "ಸುಗೊ ಹಾಶೊಸ್ಸುಮ್ನಿದಾ" ಎನ್ನುತ್ತಾರೆ. ತುಂಬಾ ಶ್ರಮಪಟ್ಟಿರಿ ಎಂದರ್ಥ. ನೀವೂ ಶಿಕ್ಷಕಿಗೆ ಹಾಗೆಯೇ ಹೇಳಿ.

ನಿಮ್ಮ ವಿಶ್ವಾಸಿ,
ಪ್ರವಾಸ ವ್ಯವಸ್ಥಾಪಕಿ, ಬೆಂಗಳೂರು