ಗೆಲಾಕ್ಸಿಯ ಚಿತ್ರಕ್ಕೆ ದುಬಾರಿ ದೂರದರ್ಶಕವೇ ಬೇಕೆಂದಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ವಿಜ್ಞಾನ ಲೇಖನವೊಂದು, ಗೆಲಾಕ್ಸಿಗಳ ಛಾಯಾಗ್ರಹಣವು ದೊಡ್ಡ ಕನ್ನಡಿಯ ದೂರದರ್ಶಕ ಉಳ್ಳವರಿಗೆ ಮಾತ್ರ ಸಾಧ್ಯವೆಂಬ ಅರ್ಥ ಬರುವಂತೆ ಮುಗಿದಿತ್ತು. ಎರಡೇ ಮಸೂರಗಳ, 80 ಮಿಲಿಮೀಟರ್ ವ್ಯಾಸದ ಅಗ್ಗದ ದೂರದರ್ಶಕವನ್ನಿಟ್ಟುಕೊಂಡು ಇದೇ ಹವ್ಯಾಸದಲ್ಲಿ ತೊಡಗಿರುವ ನನಗೆ ಆ ಮಾತನ್ನು ಪೂರ್ತಿಯಾಗಿ ಒಪ್ಪಲಾಗಲಿಲ್ಲ.

ದೇವಯಾನಿ (ಆಂಡ್ರೊಮಿಡಾ) ಗೆಲಾಕ್ಸಿಯನ್ನೇ ನೋಡಿ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದ್ದರೂ ಅದು ಆಕಾಶದಲ್ಲಿ ಹೆಚ್ಚುಕಡಿಮೆ 3 ಡಿಗ್ರಿ, ಎಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು ಉದ್ದಕ್ಕೆ ಚಾಚಿಕೊಂಡಿದೆ. ಅದರ ನಡುಭಾಗವಷ್ಟೇ ಬರಿಗಣ್ಣಿಗೆ ಮಸುಕಾಗಿ ಕಾಣುವುದಕ್ಕೆ ಕಾರಣ ಅಂಚಿನ ಬೆಳಕು ತೀರ ಕ್ಷೀಣವಾಗಿರುವುದೇ ಹೊರತು ಗೆಲಾಕ್ಸಿ ಚಿಕ್ಕದಾಗಿರುವುದಲ್ಲ. 400 ಮಿಲಿಮೀಟರ್ ನಾಭಿದೂರದ (ಮಸೂರದಿಂದ ಬಿಂಬ ಮೂಡುವ ಜಾಗದವರೆಗಿನ ದೂರ; ಇದು ಹೆಚ್ಚಿದಷ್ಟೂ ಚಿತ್ರ ಹಿಗ್ಗಿ, ಚೌಕಟ್ಟಿಗೆ ಸಿಗುವ ಆಕಾಶ ಕುಗ್ಗುತ್ತದೆ) ಪುಟ್ಟ ದೂರದರ್ಶಕಕ್ಕೆ ಸಾಮಾನ್ಯ ಡಿಎಸ್ಎಲ್ಆರ್ ಕ್ಯಾಮೆರಾ ಜೋಡಿಸಿದರೆ ಈ ಗೆಲಾಕ್ಸಿ ತನ್ನ ಎರಡು ಸಂಗಾತಿ ಗೆಲಾಕ್ಸಿಗಳೊಡನೆ ಒಂದೇ ಚೌಕಟ್ಟಿನಲ್ಲಿ ಕೂರುತ್ತದೆ. 2000 ಮಿಲಿಮೀಟರ್ ನಾಭಿದೂರದ ದೊಡ್ಡ ಉಪಕರಣಕ್ಕೆ ಅದೇ ಕ್ಯಾಮೆರಾ ಹಾಕಿದರೆ ಸಿಗುವುದು ಅದರ ಹೊಟ್ಟೆಯಷ್ಟೇ.

ಅಗ್ಗದ ಮಸೂರಕ್ಕೆ ದೋಷವಿಲ್ಲವೆಂದು ನಾನು ಹೇಳುತ್ತಿಲ್ಲ. ನೀಲಿ ಮತ್ತು ನೇರಳೆ ಕಿರಣಗಳು ಉಳಿದ ಬಣ್ಣಗಳು ಸೇರುವಲ್ಲಿಯೇ ಸೇರದಿರುವುದರಿಂದ ಪ್ರಕಾಶಮಾನವಾದ ನಕ್ಷತ್ರಗಳ ಸುತ್ತ ನೇರಳೆ ಪ್ರಭೆ ಉಳಿಯುತ್ತದೆ. ಮಸೂರದ ಮುಂದೆ ರಟ್ಟಿನ ಬಳೆಯಿಟ್ಟು ವ್ಯಾಸವನ್ನು ತುಸು ಕುಗ್ಗಿಸಿದರೆ, ಒಂದಿಷ್ಟು ಬೆಳಕನ್ನು ಕಳೆದುಕೊಂಡಾದರೂ, ಇದನ್ನು ತಗ್ಗಿಸಬಹುದು. ತಿಳಿಹಳದಿ ಫಿಲ್ಟರ್ ಕೂಡ ಉಪಯೋಗಕ್ಕೆ ಬರುತ್ತದೆ. ಚುಕ್ಕೆಯಂತಿರದೆ ಹರಡಿಕೊಂಡಿರುವ ಗೆಲಾಕ್ಸಿಯ ಮೇಲೆ ಈ ದೋಷ ಅಷ್ಟಾಗಿ ಎದ್ದು ಕಾಣುವುದೂ ಇಲ್ಲ.

ಹಣ ಉಳಿಸಬಾರದಾದ ಜಾಗ ದೂರದರ್ಶಕವನ್ನು ಹೊರುವ ಮೌಂಟ್. ಭೂಮಿಯ ಆವರ್ತನೆಯಿಂದ ಆಕಾಶ ಪ್ರತಿ ಸೆಕೆಂಡಿಗೆ 15 ಆರ್ಕ್‌ಸೆಕೆಂಡುಗಳಷ್ಟು (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಸರಿಯುವುದರಿಂದ, ಅಲುಗದ ಟ್ರೈಪಾಡಿನ ಮೇಲಿಂದ ಒಂದೆರಡು ಸೆಕೆಂಡು ಎಕ್ಸ್‌ಪೋಷರ್ ಕೊಡುವಷ್ಟರಲ್ಲಿ ನಕ್ಷತ್ರಗಳು ಗೀರುಗಳಾಗುತ್ತವೆ. ಆಕಾಶದೊಂದಿಗೆ ತಾನೂ ತಿರುಗುವ ಮೌಂಟ್ ಇಲ್ಲದೆ ಗತಿಯಿಲ್ಲ. ಅದರ ಅಕ್ಷವನ್ನು ಧ್ರುವ ನಕ್ಷತ್ರಕ್ಕೇ ಗುರಿಯಿಟ್ಟು, ಚಿತ್ರ ಏಕೆ ಜಾರುತ್ತದೆಂದು ತಿಳಿಯದೆ ನಾನು ತಿಂಗಳುಗಟ್ಟಲೆ ಮೌಂಟನ್ನೇ ಬೈದುಕೊಂಡಿದ್ದೆ. ಆ ನಕ್ಷತ್ರ, ಆಕಾಶ ಯಾವ ಬಿಂದುವಿನ ಸುತ್ತ ತಿರುಗುವಂತೆ ಕಾಣುತ್ತದೋ ಆ ನಿಜವಾದ ಧ್ರುವದಿಂದ ಡಿಗ್ರಿಯ ಮೂರನೇ ಎರಡು ಭಾಗದಷ್ಟು ಪಕ್ಕಕ್ಕಿದೆಯೆಂಬುದು ಆಮೇಲೆ ತಿಳಿಯಿತು.

ಉಳಿದದ್ದು ತಾಳ್ಮೆಯ ಕೆಲಸ. ಚಂದ್ರನಿಲ್ಲದ ಇರುಳಲ್ಲಿ 1 ನಿಮಿಷದ 100 ಚಿತ್ರಗಳನ್ನು ತೆಗೆದು, ಉಚಿತವಾಗಿ ದೊರೆಯುವ ಡೀಪ್‌ಸ್ಕೈಸ್ಟ್ಯಾಕರ್ ಅಥವಾ ಸಿರಿಲ್ ತಂತ್ರಾಂಶದಲ್ಲಿ ಒಂದರ ಮೇಲೊಂದು ಸೇರಿಸಿ ಸರಾಸರಿ ಮಾಡಿದರೆ, ಬಿಡಿ ಚಿತ್ರದಲ್ಲಿದ್ದ ಗೊತ್ತುಗುರಿಯಿಲ್ಲದ ಕಾಳುಕಾಳು ಕಲೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. 1845ರಲ್ಲಿ ಐರ್ಲೆಂಡಿನ ಖಗೋಳವೀಕ್ಷಕ ಲಾರ್ಡ್ ರಾಸ್ ಎಂ51 ಎಂಬ ಗೆಲಾಕ್ಸಿಯ ಸುರುಳಿಯನ್ನು ಕಣ್ಣಾರೆ ಕಾಣಲು 1.8 ಮೀಟರ್ ಕನ್ನಡಿ ಬೇಕಾಗಿತ್ತು. ಇಂದು ಹೀಗೆ ಸೇರಿಸಿದ ಚಿತ್ರದಲ್ಲಿ, ಉಗುರಿನಷ್ಟೇ ಚಿಕ್ಕದಾಗಿಯಾದರೂ, ಆ ಸುರುಳಿ ನನ್ನ ಪುಟ್ಟ ಮಸೂರಕ್ಕೂ ಸಿಕ್ಕಿದೆ.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಗೆಲಾಕ್ಸಿಯ ಚಿತ್ರವನ್ನು ಅಚ್ಚುಹಾಕುವಾಗ ಅದು ಬಾಹ್ಯಾಕಾಶ ದೂರದರ್ಶಕದ್ದೋ ಹವ್ಯಾಸಿಯದ್ದೋ, ಮಸೂರದ ಅಥವಾ ಕನ್ನಡಿಯ ವ್ಯಾಸ ಎಷ್ಟು, ಒಟ್ಟು ಎಷ್ಟು ಹೊತ್ತಿನ ಬೆಳಕು ಅದರಲ್ಲಿ ಸೇರಿದೆ ಎಂಬುದನ್ನು ಅಡಿಯಲ್ಲಿ ಒಂದು ಸಾಲಿನಲ್ಲಿ ನಮೂದಿಸಬೇಕು. ಹಾಗೆ ಮಾಡಿದರೆ ಹೊಸದಾಗಿ ದೂರದರ್ಶಕ ಕೊಂಡವರು, ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರದಲ್ಲಿ) ಕಾಣುವ ಬೂದುಬಣ್ಣದ ಮಬ್ಬನ್ನು ಅಚ್ಚಾದ ಬಣ್ಣದ ಚಿತ್ರದೊಡನೆ ಹೋಲಿಸಿ, ಉಪಕರಣವೇ ಕೆಟ್ಟದೆಂದು ಅದನ್ನು ಅಟ್ಟಕ್ಕೆ ಸೇರಿಸಲಾರರು.

ಇಂತಿ,
ಓರ್ವ ಹವ್ಯಾಸಿ ಆಕಾಶವೀಕ್ಷಕ