ಗುಂಡಿ ಒತ್ತುವ ಮೊದಲಿನ ಎರಡು ನಿಮಿಷ

ಮಾನ್ಯ ಸಂಪಾದಕರೇ,

ಡಿಜಿಟಲ್ ತರಗತಿಗಳ ಬಗ್ಗೆ ನಿಮ್ಮ ವಾಚಕರ ಪತ್ರಗಳಲ್ಲಿ ಕೆಲವು ವಾರಗಳಿಂದ ನಡೆದಿರುವ ವಾದವನ್ನು ಓದುತ್ತಿದ್ದೇನೆ. ಪ್ರತಿ ಕೋಣೆಗೂ ದೊಡ್ಡ ಪರದೆ ಬರಲಿ ಎಂದು ಒಬ್ಬರು. ಸೀಮೆಸುಣ್ಣವೇ ಸಾಕು, ಪರದೆ ಮಕ್ಕಳ ಕಣ್ಣನ್ನೂ ತಲೆಯನ್ನೂ ಕೆಡಿಸುತ್ತದೆ ಎಂದು ಇನ್ನೊಬ್ಬರು. ಇಪ್ಪತ್ತೆರಡು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸುತ್ತಿರುವ ನನಗೆ, ಇಬ್ಬರೂ ಗೋಡೆಯನ್ನು ನೋಡಿಕೊಂಡು ಮಾತನಾಡುತ್ತಿದ್ದಾರೆ, ಬೆಂಚುಗಳ ಕಡೆ ಇನ್ನೂ ತಿರುಗಿಲ್ಲ ಎನಿಸುತ್ತದೆ.

ಹಾಗೆ ಗೋಡೆ ನೋಡಿದವರಲ್ಲಿ ನಾನೂ ಒಬ್ಬಳು. ನಮ್ಮ ಕೋಣೆಗೆ ಪ್ರೊಜೆಕ್ಟರ್ ಬಂದ ವರ್ಷ ನಾನು ಮಾಡಿದ ಸಾಧನೆ ಇಷ್ಟೇ: ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದುದನ್ನೆಲ್ಲ ಸ್ಲೈಡುಗಳಿಗೆ ಇಳಿಸಿದೆ. ಗದ್ದಲವಿಲ್ಲ, ಕೈಗೆ ಸುಣ್ಣದ ಪುಡಿಯಿಲ್ಲ, ಪಾಠವೂ ಬೇಗ ಮುಗಿಯುತ್ತಿತ್ತು. ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಕೈಗೆ ಬಂದಾಗ ಸಮಾಧಾನವೆಲ್ಲ ಇಳಿಯಿತು. ನಾನು ಹಲಗೆಯ ಮೇಲೆ ಒಂದೊಂದೇ ಸಾಲು ಬರೆಯುವಷ್ಟು ಹೊತ್ತು ಮಕ್ಕಳು ಮುಂದಿನ ಸಾಲನ್ನು ಊಹಿಸುತ್ತಿದ್ದರು. ಸ್ಲೈಡು ಇಡೀ ಲೆಕ್ಕವನ್ನು ಒಮ್ಮೆಗೇ ಎದುರಿಗಿಟ್ಟು ಆ ಬಿಡುವನ್ನು ಕಿತ್ತುಕೊಂಡಿತ್ತು.

ಮುಂದಿನ ಪಾಠವನ್ನು ನನಗೆ ಕಲಿಸಿದ್ದು ಎರಡು ಬಲ್ಬುಗಳು. ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದೇ ತಂತಿಯ ದಾರಿಯಲ್ಲಿ ಒಂದರ ಹಿಂದೆ ಒಂದರಂತೆ, ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿ ನೋಡಿ. ಬ್ಯಾಟರಿಯಿಂದ ಹೊರಟ ಪ್ರವಾಹ ಮೊದಲು ಯಾವ ಬಲ್ಬನ್ನು ಮುಟ್ಟುತ್ತದೆಯೋ ಅದು ಎನ್ನುವವರೇ ಹೆಚ್ಚು. ದಾರಿಯಲ್ಲಿ ಪ್ರವಾಹ ಸ್ವಲ್ಪ ಖರ್ಚಾಗಿಬಿಡುತ್ತದೆ ಎಂಬುದು ಅವರ ಲೆಕ್ಕ. (ಶಿಕ್ಷಕರ ಕೋಣೆಯಲ್ಲೂ ಕೇಳಿ ನೋಡಿದ್ದೇನೆ, ಫಲಿತಾಂಶ ಹೇಳುವುದಿಲ್ಲ.) ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ, ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ, ಕಂಪ್ಯೂಟರಿನಲ್ಲೇ ಪ್ರಯೋಗ ಮಾಡಿ ನೋಡಬಹುದಾದ ‘ಫೆಟ್’ ಸಿಮ್ಯುಲೇಶನ್‌ಗಳು ಉಚಿತವಾಗಿ ಸಿಗುತ್ತವೆ. ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಅದರಲ್ಲಿ ವಿದ್ಯುತ್ ಮಂಡಲ ಜೋಡಿಸಿ ತೋರಿಸಿದೆ. ಎರಡೂ ಬಲ್ಬು ಸಮನಾಗಿ ಬೆಳಗಿದವು. ಮಕ್ಕಳು ತಲೆಯಾಡಿಸಿದರು. ಮರುದಿನ ಅದೇ ಪ್ರಶ್ನೆ ಕೇಳಿದರೆ ಅದೇ ಹಳೆಯ ಉತ್ತರ! ಕಣ್ಣಾರೆ ಕಂಡದ್ದು ಅವರ ನಂಬಿಕೆಯನ್ನು ಕದಲಿಸಿಯೇ ಇರಲಿಲ್ಲ.

ಮುಂದಿನ ವರ್ಷ ಒಂದನ್ನು ಮಾತ್ರ ಬದಲಿಸಿದೆ. ಗುಂಡಿ ಒತ್ತುವ ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ತಮ್ಮ ಊಹೆಯನ್ನು, ಅದಕ್ಕೆ ಕಾರಣವನ್ನು ಪೆನ್ನಿನಲ್ಲೇ ಬರೆಯಬೇಕು, ಅಳಿಸುವಂತಿಲ್ಲ. ಎರಡು ನಿಮಿಷ. ಆಮೇಲೆ ಗುಂಡಿ ಒತ್ತಿದಾಗ ಕೋಣೆಯಲ್ಲಿ ಎದ್ದ ಉದ್ಗಾರ ಪಕ್ಕದ ತರಗತಿಗೂ ಕೇಳಿಸಿ, ಅಲ್ಲಿನ ಶಿಕ್ಷಕರು ಬಾಗಿಲಿಗೆ ಬಂದು ನಿಂತರು. ತನ್ನ ಕೈಯಾರೆ ಬರೆದ ಊಹೆ ತಪ್ಪಾದವನಿಗೆ ಮಾತ್ರ ‘ಹಾಗಾದರೆ ಯಾಕೆ?’ ಎಂದು ಕೇಳುವ ತುರ್ತು ಇರುತ್ತದೆ.

ಅಂದೇ ನಿಜವಾದ ಬಲ್ಬುಗಳನ್ನೂ ಜೋಡಿಸಿದೆವು. ಅವು ಸಮನಾಗಿ ಬೆಳಗಲಿಲ್ಲ. ‘ಟೀಚರ್, ಕಂಪ್ಯೂಟರ್ ಸುಳ್ಳು ಹೇಳಿತು’ ಎಂದು ಒಬ್ಬ ಗೆದ್ದವನಂತೆ ಎದ್ದು ನಿಂತ. ಬಲ್ಬುಗಳ ಜಾಗ ಅದಲುಬದಲು ಮಾಡಿ ನೋಡೋಣ ಎಂದಳು ಇನ್ನೊಬ್ಬಳು. ಮಾಡಿದೆವು. ಹೆಚ್ಚು ಬೆಳಗುತ್ತಿದ್ದ ಬಲ್ಬು ಹೊಸ ಜಾಗದಲ್ಲೂ ಹೆಚ್ಚೇ ಬೆಳಗಿತು. ಅಂದರೆ ವ್ಯತ್ಯಾಸ ಇದ್ದದ್ದು ಜಾಗದಲ್ಲಲ್ಲ, ಬಲ್ಬಿನಲ್ಲಿ. ಒಂದೇ ಬಗೆಯವು ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಅವುಗಳ ರೋಧ, ಅಂದರೆ ಪ್ರವಾಹಕ್ಕೆ ಒಡ್ಡುವ ತಡೆ, ತುಸು ಬೇರೆಬೇರೆ. ಪರದೆಯೊಂದೇ ಇದ್ದಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ. ಬಲ್ಬುಗಳಷ್ಟೇ ಇದ್ದಿದ್ದರೆ ಮಕ್ಕಳು ತಮ್ಮ ತಪ್ಪು ನಂಬಿಕೆಗೆ ಇನ್ನೊಂದು ಸಾಕ್ಷಿ ಸಿಕ್ಕಿತೆಂದುಕೊಂಡು ಮನೆಗೆ ಹೋಗುತ್ತಿದ್ದರು.

ಇಂತಹದೇ ಇನ್ನೊಂದು ದಿನ. ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ತ್ರಿಭುಜದ ಶೃಂಗವನ್ನು ಹಿಡಿದೆಳೆದರೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಎಂಟನೆಯ ತರಗತಿಯವರಿಗೆ ಅದನ್ನೇ ತೋರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪರದೆಯ ಮೇಲಿನ ಸಂಖ್ಯೆಗಳನ್ನು ತನ್ನ ಪಾಡಿಗೆ ಕೂಡಿಸಿದ್ದಳು: 47.4, 61.3, 71.4. ‘ಟೀಚರ್, 180.1 ಬಂತು.’ ಒಂದು ಕ್ಷಣ ನನ್ನ ಬಾಯಿ ಕಟ್ಟಿತು. ದಶಮಾಂಶ ಒಂದು ಸ್ಥಾನ ಸಾಕು ಎಂದು ಹೊಂದಿಸಿಟ್ಟವಳು ನಾನೇ. ಎರಡು ಸ್ಥಾನಕ್ಕೆ ಬದಲಿಸಿದಾಗ 47.36, 61.28, 71.36 ಎಂದು ಕಾಣಿಸಿತು. ಮೊತ್ತ ಸರಿಯಾಗಿ 180. ಆ ಪೀರಿಯಡ್ ಪೂರ್ತಿ ದಶಮಾಂಶಗಳನ್ನು ಸಮೀಪದ ಸ್ಥಾನಕ್ಕೆ ಅಂದಾಜಿಸುವುದರ ಮೇಲೇ ಹೋಯಿತು. ಆದರೆ ಅವಳ ಮುಂದಿನ ಪ್ರಶ್ನೆಗೆ ತಂತ್ರಾಂಶದಲ್ಲಿ ಉತ್ತರವಿರಲಿಲ್ಲ: ಎಷ್ಟು ಎಳೆದರೂ 180 ಆಗಲೇಬೇಕು ಎಂದು ಹೇಗೆ ನಂಬುವುದು? ಸೀಮೆಸುಣ್ಣ ಕೈಗೆತ್ತಿಕೊಂಡು ಶೃಂಗದ ಮೂಲಕ ಎದುರು ಬಾಹುವಿಗೆ ಸಮಾಂತರ ರೇಖೆ ಎಳೆದೆ. ಪರ್ಯಾಯ ಕೋನಗಳನ್ನು ಗುರುತಿಸಲು ಅವಳನ್ನೇ ಹಲಗೆಗೆ ಕರೆದೆ.

ಪ್ರತಿ ಮಗುವಿನ ಕೈಯಲ್ಲೂ ಒಂದು ಸಾಧನ ಇರಬೇಕು ಎಂಬ ಬೇಡಿಕೆಯನ್ನಂತೂ ನಾನು ಒಪ್ಪುವುದಿಲ್ಲ. ಕಾಗದದ ಮೇಲೆ ಮುದ್ರಿಸಿದ ಚೌಕಗಳ ಕಾರ್ಡುಗಳಿವೆ. ಕಾರ್ಡನ್ನು ಯಾವ ಬದಿ ಮೇಲಾಗಿ ಹಿಡಿದರೆ ಯಾವ ಉತ್ತರ ಎಂಬುದು ನಿಗದಿಯಾಗಿರುತ್ತದೆ. ಶಿಕ್ಷಕರ ಒಂದೇ ಮೊಬೈಲಿನ ಕ್ಯಾಮೆರಾ ಇಡೀ ತರಗತಿಯ ಉತ್ತರಗಳನ್ನು ಓದಿಕೊಳ್ಳುತ್ತದೆ. ಕೈ ಎತ್ತಿ ಎಂದರೆ ಮಕ್ಕಳು ಪಕ್ಕದವರ ಕೈ ನೋಡಿ ಎತ್ತುತ್ತಾರೆ. ಒಬ್ಬೊಬ್ಬರ ಕಾರ್ಡಿನ ಚಿತ್ತಾರವೂ ಬೇರೆಬೇರೆ, ಹಾಗಾಗಿ ಕಾರ್ಡಿನಲ್ಲಿ ಆ ಅನುಕೂಲವಿಲ್ಲ. ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸಿ ಎಂದು ಕೇಳಿದಾಗ ತರಗತಿಯ ಅರ್ಧಕ್ಕೂ ಹೆಚ್ಚು ಮಂದಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ ಐದನೆಯ ಎರಡು ಭಾಗ ಎಂದರು. ಅದು ಮೊದಲಿನ ಅರ್ಧಕ್ಕಿಂತಲೂ ಚಿಕ್ಕದು! ಉತ್ತರಪತ್ರಿಕೆ ತಿದ್ದುವಾಗ ತಿಳಿಯಬೇಕಿದ್ದ ಸಂಗತಿ ಗಂಟೆ ಬಾರಿಸುವ ಮೊದಲೇ ತಿಳಿಯಿತು.

ಇಂತಹ ಪುಟ್ಟ ಪರೀಕ್ಷೆಗಳಿಗೆ ಇನ್ನೊಂದು ಲಾಭವೂ ಇದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ಬಳಿಕ ಮುಂದಿದ್ದರು. ವಾರದ ಬಳಿಕ ನೋಡಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದಿದ್ದವರೇ ಹೆಚ್ಚು ಉಳಿಸಿಕೊಂಡಿದ್ದರು. ಅಂಕಪಟ್ಟಿಗಾಗಿ ಮಾತ್ರ ಪರೀಕ್ಷೆ ಮಾಡುವ ನಾವು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ.

ಪರದೆಯೇ ಬೇಡ ಎನ್ನುವವರಿಗೂ ಒಂದು ಮಾತು. ನನ್ನ ತರಗತಿಯಲ್ಲಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿಯಿದ್ದ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಅಕ್ಷರಗಳನ್ನು ಅವನಿಗೆ ಓದಿ ಹೇಳುತ್ತಿತ್ತು. 2006ರಲ್ಲಿ ಅದನ್ನು ರೂಪಿಸಲು ತೊಡಗಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ, ಇಬ್ಬರೂ ದೃಷ್ಟಿಹೀನರೇ. ನಾನೋ, ಕೈಯಲ್ಲಿ ಬರೆದ ಟಿಪ್ಪಣಿಯ ಫೋಟೊ ತೆಗೆದು ಎಲ್ಲರಿಗೂ ಕಳುಹಿಸುತ್ತಿದ್ದೆ. ಫೋಟೊದಲ್ಲಿ ಆ ತಂತ್ರಾಂಶಕ್ಕೆ ಓದಲು ಅಕ್ಷರವೇ ಇರುವುದಿಲ್ಲ. ‘ಟೀಚರ್, ನಿಮ್ಮ ಟಿಪ್ಪಣಿ ಮಾತನಾಡುವುದಿಲ್ಲ’ ಎಂದು ಅವನು ಹೇಳಿದಾಗ ಅರ್ಧ ವರ್ಷ ಕಳೆದಿತ್ತು. ಅಂದಿನಿಂದ ಟೈಪ್ ಮಾಡಿ ಕಳುಹಿಸುತ್ತೇನೆ. ಈ ಬದಲಾವಣೆಗೆ ಬೇಕಾದದ್ದು ಒಂದಿಷ್ಟು ಸಂಜೆಗಳು.

ಆ ಸಂಜೆಗಳ ಲೆಕ್ಕವೇ ನಿಮ್ಮ ಪತ್ರಗಳಲ್ಲಿ ಕಾಣುತ್ತಿಲ್ಲ. ಬಲ್ಬಿನ ಆ ಒಂದು ಪಾಠ ಸಿದ್ಧಪಡಿಸಲು ನನಗೆ ಹತ್ತಿರಹತ್ತಿರ ಮೂರು ಗಂಟೆ ಹಿಡಿಯಿತು: ಪ್ರಶ್ನೆ ಯಾವುದು, ಮಕ್ಕಳು ಎಲ್ಲಿ ಎಡವುತ್ತಾರೆ, ಎಲ್ಲಿ ನಿಲ್ಲಿಸಬೇಕು. ಯಂತ್ರ ಬಂದಾಗ ನಮಗೆ ಸಿಕ್ಕ ತರಬೇತಿಯೋ ಯಾವ ಗುಂಡಿ ಎಲ್ಲಿದೆ ಎಂಬುದಕ್ಕೆ ಸೀಮಿತವಾಗಿತ್ತು. ವಾರದಲ್ಲಿ ಒಂದು ಪೀರಿಯಡ್, ಒಂದೇ ವಿಷಯ ಕಲಿಸುವ ಇಬ್ಬರು ಶಿಕ್ಷಕರಿಗೆ ಒಟ್ಟಿಗೆ ಬಿಡುವು ಸಿಗಲಿ. ಅದಕ್ಕೆ ಟೆಂಡರು ಬೇಡ, ಉದ್ಘಾಟನೆಯೂ ಬೇಡ; ವೇಳಾಪಟ್ಟಿ ಬರೆಯುವವರು ಒಂದು ಚೌಕವನ್ನು ಖಾಲಿ ಬಿಟ್ಟರಾಯಿತು.

ಇಂತಿ,
ಪ್ರೌಢಶಾಲೆಯ ಒಬ್ಬ ಗಣಿತ ಶಿಕ್ಷಕಿ